ಸಣ್ಣಪ್ಪನ ಸರದಿ

ಹುಲಿ-ಕುರಿ ಆಟದಲ್ಲಿ ಸಣ್ಣಪ್ಪನನ್ನು ಮೀರಿಸುವವರು ಜಗಳೂರು ಸೀಮೆಯಲ್ಲೇ ಇರಲಿಲ್ಲ. ಆದರೆ ಮೂವತ್ತು ವರ್ಷದಲ್ಲಿ ಒಂದು ಸಲವೂ ಅವನು ಆಟದ ಕಲ್ಲು ಮುಟ್ಟಿರಲಿಲ್ಲ.

ಚಾವಡಿ ಕಟ್ಟೆಯ ಹಾಸುಗಲ್ಲಿನ ಮೇಲೆ ಯಾವ ಕಾಲದವರೋ ಆಟದ ಮನೆ ಕೆತ್ತಿದ್ದರು. ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯ ತಲೆ ಮೇಲಿಂದ ಹಾರಿದರೆ ಕುರಿ ಸತ್ತಂತೆ. ಕುರಿಗಳೆಲ್ಲ ಒತ್ತಾಗಿ ನಿಂತು ಹುಲಿ ಅಲುಗದಂತೆ ಮಾಡಿದರೆ ಕುರಿ ಗೆದ್ದಂತೆ. ಅವರೊಂದು ಸಲ, ಇವರೊಂದು ಸಲ. ಗೌಡ ಕಟ್ಟೆ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಹುಲಿ ನಡೆಸುತ್ತಿದ್ದ. ಊರಾಚೆಯ ಕೇರಿಯ ಸಣ್ಣಪ್ಪ ಎರಡು ಮಾರು ದೂರದಲ್ಲಿ, ಕೆಳಗೆ, ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು ಕುರಿ ನಡೆಸುತ್ತಿದ್ದ. ನಡೆಸುತ್ತಿದ್ದದ್ದು ಬಾಯಲ್ಲಿ. "ಬಲಗಡೆ ಗೆರೆ, ಎರಡನೇ ಮನೆ" ಎಂದು ಅವನು ಕೂಗಿದರೆ, ಗೌಡನ ಆಳು ಗಾದ್ರಪ್ಪ ಅಲ್ಲಿ ಹರಳು ಇಡುತ್ತಿದ್ದ. ಕೆಳಗೆ ಕೂತವನಿಗೆ ಆಟದ ಮನೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಗಾದ್ರಪ್ಪನ ಕೈ. ಮನೆ ಸಣ್ಣಪ್ಪನ ತಲೆಯೊಳಗಿತ್ತು.

ಎಂಬತ್ತೊಂದನೇ ಇಸವಿಯ ಶೇಂಗಾ ಸುಗ್ಗಿಯ ಹೊತ್ತಿಗೆ ಅವನ ಅಕ್ಕನ ಮಗ ತಿಪ್ಪೇಶಪ್ಪನಿಗೆ ಈ ಆಟ ಕಂಡರೆ ಮೈ ಉರಿಯುತ್ತಿತ್ತು. ಅವನು ವಾರಕ್ಕೊಮ್ಮೆ ಜಗಳೂರಿಗೆ ಹೋಗಿ, ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕು ಜನರ ಜೊತೆ ಪುಸ್ತಕ ಓದಿ ಬರುತ್ತಿದ್ದ.

"ಮಾವ, ಈಗಿನ ಕಾಲಕ್ಕೆ ಇದೂ ಒಂದು ಆಟನಾ? ಅವನು ಹೊಡಿಯೋತನಕ ನಾವು ಕೂತಿರೋದು, ಆಮೇಲೆ ಒಂದು ಹರಳು ಸರ್ಸೋದು, ತಿರುಗಿ ಅವನು ಹೊಡೀಲಿ ಅಂತ ಕಾಯೋದು. ಕೇರಿ ಹುಡುಗ್ರು ಕಬಡ್ಡಿ ಆಡ್ತಾರೆ ನೋಡು. ನುಗ್ಗು, ಹಿಡಿ, ಕೆಡವು. ಕಾಯೋ ಮಾತೇ ಇಲ್ಲ."

ಸಣ್ಣಪ್ಪ ಬೀಡಿ ಆರಿಸಿ ಕಿವಿಗೆ ಸಿಗಿಸಿಕೊಂಡ. "ನೀನು ಓದಿದೋನು. ಒಂದು ಹೇಳು. ಈ ಊರಾಗೆ ನಾನು ಬಾಯಿ ಬಿಡೋತನಕ ಗೌಡ ಬಾಯಿ ಮುಚ್ಕಂಡು ಕೂರೋ ಜಾಗ ಇನ್ನೆಲ್ಲೈತೆ? ನನ್ನ ಸರದಿ ಬಂದ್ರೆ ಅವನು ಕಾಯ್ಬೇಕು ಕಣೋ. ಬೇಕಂತ್ಲೇ ಒಂದೊಂದ್ಸಲ ತಡ ಮಾಡ್ತೀನಿ. ಹೊಟ್ಟೆ ತುಂಬ್ತದೆ."

"ಹೊಟ್ಟೆ ತುಂಬ್ತದಂತೆ! ಒಲೆ ಹಚ್ಚೋದು ಬ್ಯಾಡ ಬಿಡು ಹಂಗಾದ್ರೆ" ಎಂದಳು ಒಳಗಿನಿಂದ ಹೆಂಡತಿ ಮೂಕಮ್ಮ.

ಆ ಸೋಮವಾರ ಬಸವಾಪಟ್ಟಣದಿಂದ ಗೌಡನ ಬೀಗ ಬಂದಿದ್ದ. "ನಮ್ಮ ಸಣ್ಣ, ಆಟದ ಮನೆ ನೋಡ್ದೇ ಆಡ್ತಾನೆ, ನೋಡ್ರಿ ತಮಾಷೆ" ಎಂದು ಗೌಡ ಬೀಗನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಆಟ ಹೂಡಿದ. ಕೋತಿಯಾಟ ತೋರಿಸುವವನ ಹೆಮ್ಮೆ ಅದು. ಸಣ್ಣಪ್ಪ ಅದನ್ನೂ ನುಂಗಿಕೊಂಡ. ಹೊತ್ತು ಮುಳುಗಲು ಇನ್ನೂ ಒಂದು ತಾಸಿತ್ತು. ಅಷ್ಟರಲ್ಲೇ ಎರಡು ಹುಲಿ ಸಿಕ್ಕಿಬಿದ್ದವು. ಉಳಿದದ್ದು ಒಂದು ಹುಲಿ, ಅದಕ್ಕೊಂದೇ ದಾರಿ.

"ಹುಲಿ ಒಳಮನೆಗೆ ಬಂತು" ಎಂದ ಗಾದ್ರಪ್ಪ.

ಅಷ್ಟೇ ಬೇಕಿತ್ತು. ಇನ್ನೊಂದು ಕುರಿ ಸರಿಸಿದರೆ ಮುಗಿಯಿತು. ಸಣ್ಣಪ್ಪ ಬಾಯಿ ತೆರೆದ. ತಡ ಮಾಡಿ ಕೂಗೋಣವೆಂದು ಒಂದು ಉಸಿರು ಎಳೆದುಕೊಂಡ.

ಟಕ್.

ಸತ್ತ ಕುರಿಯನ್ನು ಪಕ್ಕಕ್ಕಿಡುವ ಸದ್ದು. ಮೂವತ್ತು ವರ್ಷ ಕೇಳಿದ ಸದ್ದು ತಪ್ಪುವ ಹಾಗಿಲ್ಲ.

"ಗೌಡ್ರೆ, ಈಗ ನನ್ನ ಸರದಿ ಇತ್ತು."

"ಹುಲಿ ಹಸ್ದಿತ್ತು ಕಣಲೇ. ಕುರಿ ಅಪ್ಪಣೆ ಕೊಡ್ಲಿ ಅಂತ ಕಾಯ್ತದಾ?"

ಕಟ್ಟೆ ನಕ್ಕಿತು. ಬೀಗನಂತೂ ತೊಡೆ ತಟ್ಟಿಕೊಂಡು ನಕ್ಕ. ಗಾದ್ರಪ್ಪ ಮಾತ್ರ ಕೈಯಲ್ಲಿದ್ದ ಹರಳನ್ನು ಉಜ್ಜುತ್ತಾ ತಲೆ ತಗ್ಗಿಸಿದ. ಹುಲಿ ಕುರಿ ತಿಂದದ್ದಕ್ಕೆ ಸಣ್ಣಪ್ಪ ಯಾವತ್ತೂ ನೊಂದವನಲ್ಲ, ಅದು ಆಟ. ಆದರೆ ಇಡೀ ಊರಿನಲ್ಲಿ ಅವನದೆನ್ನುವ ಒಂದು ಗಳಿಗೆ ಇತ್ತು. ಅದನ್ನೂ ತಿಂದರಲ್ಲ ಇವರು! ಅವನು ಎದ್ದ. ಚಪ್ಪಲಿಯಿಲ್ಲದ ಕಾಲು ಕಟ್ಟೆಯ ಮೆಟ್ಟಿಲು ಹತ್ತಿದ್ದು ಅವನಿಗೇ ಗೊತ್ತಾಗಲಿಲ್ಲ.

ಮೊದಲ ಸಲ ಕಣ್ಣೆದುರು ಆಟದ ಮನೆ ಕಂಡಿತು. ಇಷ್ಟು ಸಣ್ಣದಾ! ಊಟದ ಗಂಗಳದಷ್ಟೂ ಇಲ್ಲ. ಅವನ ತಲೆಯೊಳಗೆ ಅದು ಊರಷ್ಟು ಅಗಲವಾಗಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತು ಅವನು ಗಟ್ಟಿಯಾಗಿ ಕೂಗಿದ: "ಗಾದ್ರಣ್ಣ, ಆ ಹುಲಿನ ಹಿಂದಕ್ಕಿಡು. ಕುರಿನ ಅದರ ಮನೆಗಿಡು."

ಕೂಗಿ, ಕಾಯುತ್ತಾ ನಿಂತ.

ಬೀಗನಿಗೆ ನಗು ತಡೆಯಲಾಗಲಿಲ್ಲ. "ಅಲ್ಲಲೇ, ಹತ್ತಿ ಬಂದಿದ್ದೀಯ, ಇನ್ನೂ ಅವನ ಕೈ ಬೇಕಾ ನಿನಗೆ?"

ಆ ಮಾತು ಸಣ್ಣಪ್ಪನಿಗೆ ಗೌಡನ ಎರಡು ನಡೆಗಿಂತ ಜೋರಾಗಿ ಬಿತ್ತು. ಅವನು ಬಗ್ಗಿ, ತನ್ನ ಕೈಯಿಂದಲೇ ಹುಲಿಯನ್ನು ಹಿಂದಕ್ಕಿಟ್ಟ. ಸತ್ತ ಕುರಿಯನ್ನು ಅದರ ಮನೆಗೆ ತಂದ. ಆಮೇಲೆ ತನ್ನ ಸರದಿ ಆಡಿದ. ಹುಲಿಗೆ ದಾರಿ ಮುಚ್ಚಿತು.

ಯಾರೂ ನಗಲಿಲ್ಲ. ಗೌಡ ಎಡಗೈಯಿಂದ ಹರಳುಗಳನ್ನೆಲ್ಲ ಬೀದಿಗೆ ಸವರಿ ಎದ್ದುಹೋದ. ಸಣ್ಣಪ್ಪ ಕೇರಿ ಮುಟ್ಟುವ ಮುಂಚೆ ಕಟ್ಟೆಗೆ ಹದಿನೆಂಟು ಕೊಡ ನೀರು ಬಿತ್ತಂತೆ.

ಬೆಳಿಗ್ಗೆ ಗಾದ್ರಪ್ಪ ಕೇರಿಯಂಚಿಗೆ ಬಂದು ನಿಂತ. "ಕೇರಿಯೋರು ಯಾರೂ ಶೇಂಗಾ ಕೀಳಾಕೆ ಬರಂಗಿಲ್ಲಂತೆ. ಸಣ್ಣ, ನೀನು ಕಟ್ಟೆ ಮುಂದೆ ಅಡ್ಡಬಿದ್ದು ತಪ್ಪಾತು ಅಂದ್ರೆ ಎಲ್ಲ ಮಾಫಿ." ಆಮೇಲೆ ದನಿ ತಗ್ಗಿಸಿದ. "ಸಂಜಿಗೆ ಆಟಕ್ಕೂ ಬರ್ಬೇಕಂತೆ. ಮೊದಲಿನಂಗೆ."

ಕೂಲಿಗೆ ಹೊರಟಿದ್ದ ನೆರೆಮನೆಯ ಹನುಮಂತಮ್ಮ ಬುಟ್ಟಿ ಕುಕ್ಕಿದಳು. "ಒಂದು ಹರಳಿಗೋಸ್ಕರ ನಮ್ಮ ಅನ್ನಕ್ಕೆ ಕಲ್ಲು ಹಾಕ್ದೆಲ್ಲೋ ಸಣ್ಣಪ್ಪ!"

"ಅಡ್ಡಬೀಳಾಕಿಲ್ಲ! ಎಲ್ರೂ ಹೋಗಾನ, ಚಾವಡಿಗೆ ನುಗ್ಗಾನ" ಎಂದ ತಿಪ್ಪೇಶಪ್ಪ.

ಸಣ್ಣಪ್ಪನ ಕಿವಿಯಲ್ಲಿ ಉಳಿದದ್ದು ಒಂದೇ ಮಾತು: ಮೊದಲಿನಂಗೆ. ಮನೆ, ಗೆರೆ, ಆ ಗಳಿಗೆ. ಆಸೆಯಾಯಿತು. ಆಸೆಯಾದದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಚಾವಡಿ ಕಡೆಗೆ ನಡೆದ. ಅಡ್ಡಬೀಳುತ್ತಾನೋ ಇಲ್ಲವೋ, ಕಟ್ಟೆ ಮುಟ್ಟುವ ತನಕ ಅವನಿಗೂ ಗೊತ್ತಿರಲಿಲ್ಲ.

ಕಟ್ಟೆಯ ಮೇಲೆ ಹರಳುಗಳನ್ನು ತೊಳೆದು ಹೊಸದಾಗಿ ಜೋಡಿಸಿಟ್ಟಿದ್ದರು. ಗೌಡ ಕಾಯುತ್ತಿದ್ದ.

"ಬೀಳೋ" ಎಂದ.

ಸಣ್ಣಪ್ಪ ತನ್ನ ಹಳೇ ಜಾಗದಲ್ಲಿ, ಮಣ್ಣಿನ ಮೇಲೆ ನಿಂತ. ಕೂರಲಿಲ್ಲ. "ಹುಲಿ ಎರಡ್ಸಲ ನಡೀತು ಗೌಡ್ರೆ. ಅದನ್ನ ಮೊದ್ಲು ನೀವು ತಪ್ಪು ಅನ್ರಿ. ಆಮೇಲೆ ನನ್ನ ಸರದಿ."

ಹಿಂದೆ ಕಾಲ ಸಪ್ಪಳ. ತಿಪ್ಪೇಶಪ್ಪನಿರಬೇಕು. ಬಯ್ಯುತ್ತಲೇ ಬಂದ ಹನುಮಂತಮ್ಮನ ದನಿ. ಮೂಕಮ್ಮನ ಬಳೆ. ಎಷ್ಟು ಜನವೋ, ಅವನು ತಿರುಗಿ ನೋಡಲಿಲ್ಲ. ಭಯವಾಗುತ್ತಿತ್ತು. ಇಲ್ಲಿ ಗೌಡ ಎಷ್ಟು ನಡೆ ನಡೆದಾನು, ಯಾರನ್ನು ತಿಂದಾನು, ಲೆಕ್ಕ ಹಿಡಿಯಲು ಗೆರೆಗಳಿರಲಿಲ್ಲ.

"ಗಾದ್ರಾ! ಏನ್ ನೋಡ್ತೀಯೋ, ಹಾಕಲೇ ಅವನಿಗೆ!"

ಗಾದ್ರಪ್ಪ ದೊಣ್ಣೆ ಹಿಡಿದು ಕಟ್ಟೆಯಿಳಿದ. ಮೂವತ್ತು ವರ್ಷ ಸಣ್ಣಪ್ಪ ನೋಡುತ್ತಾ ಬಂದ ಆ ಕೈ ಮೇಲೆದ್ದಿತು. ಎದ್ದು, ಅಲ್ಲೇ ನಿಂತಿತು. ಗಾದ್ರಪ್ಪನ ಕಣ್ಣು ಅಭ್ಯಾಸದಂತೆ ಸಣ್ಣಪ್ಪನ ಬಾಯಿಯನ್ನು ನೋಡಿತು.

ಸಣ್ಣಪ್ಪ ಏನೂ ಕೂಗಲಿಲ್ಲ. ಈ ಸಲದ ಸರದಿ ಗಾದ್ರಪ್ಪನದು.