ಕಾಲುವೆಯ ಈಚೆ ದಂಡೆ

"ಹೋಗಾಗ ಈ ದಂಡಿ, ಬರಾಗ ಆ ದಂಡಿ. ಪೂಲ್ ದಾಟಿ ಬರಬೇಕು, ಮರೀಬ್ಯಾಡ," ಎಂದು ಸೋದರತ್ತೆ ಸುಮಿತ್ರಾಬಾಯಿ ಮೂರನೆಯ ಸಲ ಹೇಳಿದಳು. ಹೇಳುತ್ತಲೇ ಶಾಂಭವಿಯ ಹೆಗಲ ಮೇಲಿನ ಸೆರಗಿಗೆ ಪಿನ್ನು ಚುಚ್ಚಿದಳು. "ಕೇಳಸಾಕತ್ತದೋ ಇಲ್ಲೋ ಬೇ?"

"ಕೇಳಸ್ತು, ಅತ್ತಿ."

ಅತನೂರಿನ ಹೊರಗೆ, ಕಾಲುವೆಗೆ ಹತ್ತಿಕೊಂಡ ಹೊಲದಲ್ಲಿ, ಬೇವಿನ ಮರದ ಬುಡಕ್ಕೆ ಚಾಪೆ ಹಾಸಿ ಶಾಂಭವಿಯನ್ನು ಆಗಲೇ ಕೂರಿಸಿಯಾಗಿತ್ತು. ಹುಡುಗನ ಕಡೆಯವರು ಬರುವುದಕ್ಕೆ ಇನ್ನೂ ಅರ್ಧ ತಾಸು ಇತ್ತು. ಅವರನ್ನು ಸೀತನಿ ತಿನ್ನಲು ಕರೆದಿದ್ದರು. ಎಳೆ ಜೋಳದ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿ ಕಾಳಿಗೆ ಶೇಂಗಾ ಹಿಂಡಿ ಕಲಸಿಕೊಂಡು ತಿನ್ನುವ ದಿನಗಳು ಅವು.

ಊರೊಳಗಿನ ಮನೆಯಲ್ಲಿ ಹೆಣ್ಣು ನೋಡುವುದು ಮೂರು ಸಲ ಆಗಿತ್ತು. ಮೂರು ಸಲವೂ ಚಹ ಕುಡಿದಾದ ಮೇಲೆ ಬಂದವರಲ್ಲಿ ಹಿರಿಯರೊಬ್ಬರು, "ಒಂದೀಟು ನಡದು ತೋರಸವಾ," ಎಂದಿದ್ದರು. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಹನ್ನೆರಡು ಹೆಜ್ಜೆ. ಆರನೆಯದಕ್ಕೇ ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಒಂಬತ್ತು ವರ್ಷದವಳಿದ್ದಾಗ ಚಕ್ಕಡಿಯಿಂದ ಬಿದ್ದು ಮುರಿದ ಶಾಂಭವಿಯ ಬಲಗಾಲು, ಕೂಡಿಕೊಳ್ಳುವಾಗ ಒಂದು ಇಂಚು ಗಿಡ್ಡವಾಗಿತ್ತು.

ಈ ಸಲ ಹೊಲದಲ್ಲಿ ತೋರಿಸುವ ಉಪಾಯ ಅತ್ತೆಯದು. ಅದಕ್ಕೆ ಬೇಕಾದ ಗುಟ್ಟು ಶಾಂಭವಿಯದು.

ಮಳೆನೀರು ಮಣ್ಣನ್ನು ಕಾಲುವೆಯೊಳಗೆ ಎಳೆದುಕೊಂಡು ಹೋಗಬಾರದೆಂದು ಎರಡೂ ದಂಡೆಗಳನ್ನು ಹೊರಗೆ ವಾಲಿಸಿ ಕಟ್ಟಿದ್ದರು. ನೀರನ್ನು ಬಲಗಡೆ ಇಟ್ಟುಕೊಂಡು ನಡೆದರೆ ಬಲಗಾಲಿಗೆ ಎತ್ತರದ ನೆಲ ಸಿಗುತ್ತಿತ್ತು. ಎಡಗಾಲು ತಗ್ಗಿನಲ್ಲಿ ಬೀಳುತ್ತಿತ್ತು. ಮೈ ವಾಲುತ್ತಿರಲಿಲ್ಲ. ಪಿಯುಸಿ ಓದುವಾಗ ಒಂದು ಸಂಜೆ ಇದು ಅವಳಿಗೆ ತಾನಾಗಿಯೇ ತಿಳಿದಿತ್ತು. ಅಂದು ನಂಬಿಕೆ ಬಾರದೆ ಕತ್ತಲಾಗುವವರೆಗೆ ನಡೆದಿದ್ದಳು. ಈ ದಂಡೆಗುಂಟ ಹೋಗಿ, ಪೂಲ್ ಎನ್ನುವ ಸಣ್ಣ ಸೇತುವೆ ದಾಟಿ, ಆ ದಂಡೆಗುಂಟ ಬಂದರೆ ನೀರು ಯಾವಾಗಲೂ ಬಲಕ್ಕೇ. ಡಿಗ್ರಿ ಮುಗಿದು ಎರಡು ವರ್ಷವಾದರೂ ಆ ಸುತ್ತು ತಪ್ಪಿರಲಿಲ್ಲ. ತಾಯಿ ಹೋದ ಮೇಲೆ ತನ್ನನ್ನು ಬೆಳೆಸಿದ ಅತ್ತೆಗೆ ಒಬ್ಬಳಿಗೇ, ಒಂದು ದಿನ ಖುಷಿ ತಡೆಯದೆ, ಇದನ್ನು ಹೇಳಿದ್ದಳು. ಅತ್ತೆ ಕಣ್ಣೊರೆಸಿಕೊಂಡಿದ್ದಳು. ಆಮೇಲೆ ಮರೆತಿರಲಿಲ್ಲ.

ಜೇವರ್ಗಿಯಿಂದ ಬಂದವರು ಇಬ್ಬರೇ: ಅನೀಲಕುಮಾರ ಮತ್ತು ಅವನ ಅಕ್ಕ ಬಸವೇಶ್ವರಿ. ಅವನು ತಾಲೂಕು ಕಚೇರಿಯಲ್ಲಿ ಸರ್ವೇಯರ್. ಶಾಂಭವಿಯ ತಂದೆ ದೌಲತರಾಯರು ಕುಳ್ಳಿನ ಕೆಂಡ ಕೆದರುತ್ತ ಬೆಳೆಯ ಮಾತು ತೆಗೆದರು. ಮಗಳ ಕಡೆ ಮಾತ್ರ ನೋಡಲಿಲ್ಲ. ಎಲ್ಲರೂ ಒಂದೊಂದು ಹಿಡಿ ಸೀತನಿ ತಿಂದಾದ ಮೇಲೆ ಸುಮಿತ್ರಾಬಾಯಿ ಬಾಯಿ ತೆರೆದಳು.

"ಹಿರ್ಯಾರ ಮುಂದ ಕುಂತು ಹುಡುಗೂರು ಏನ್ ಮಾತಾಡ್ತಾವ್ರಿ? ಕೆನಾಲ್ ದಂಡಿಗುಂಟ ಅಡ್ಡಾಡಿ ಬರ್ಲಿ. ಬರಾಗ ಆ ಕಡಿಂದ ಬರ್ರಿ ತಮ್ಮಾ, ಗಿಡದ ನೆಳ್ಳದ."

"ಹೋಗಿ ಬರ್ಲಿ ಬಿಡ್ರಿ," ಎಂದಳು ಬಸವೇಶ್ವರಿ. "ಈ ಬಯಲಾಗ ಎಲ್ಲಿ ತಪ್ಪಿಸ್ಕೊಂಡು ಹೋಗ್ತಾರ. ಇಲ್ಲೇ ಕುಂತು ನೋಡ್ತೇವಿ."

ದಂಡೆ ಏರುವಾಗ ನಾಲ್ಕು ಹೆಜ್ಜೆ. ಏರುವಾಗ ಯಾರೇ ಆದರೂ ವಾಲಾಡುತ್ತಾರೆ. ಮೇಲೆ ಹೋದ ಮೇಲೆ ನೀರು ಬಲಕ್ಕೆ ಬಂತು. ಶಾಂಭವಿಯ ಸೊಂಟ ನೆಟ್ಟಗಾಯಿತು.

ಮೊದಲು ಕಬ್ಬಿನ ಹೊಲಗಳು. ಕಟಾವು ಮುಗಿದ ಕಡೆ ಒಣಗಿದ ಗರಿಗಳ ರವದಿ ಹರಡಿತ್ತು. ದೂರದ ರಸ್ತೆಯಲ್ಲಿ ಹವಳಗಾದ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಗುತ್ತಿತ್ತು. ಆಮೇಲೆ ತೊಗರಿಯ ಕೂಳೆ, ಅದು ಮುಗಿದ ಮೇಲೆ ಬೀಳುಭೂಮಿ. ಮೊಣಕಾಲೆತ್ತರದ ಹುಲ್ಲು ಒಣಗಿ ಹಳದಿಯಾಗಿತ್ತು. ಅದರೊಳಗಿಂದ ಎರಡು ಗೌಜಲಕ್ಕಿಗಳು ಬುರ್ರೆಂದು ಎದ್ದಾಗ ಅನೀಲಕುಮಾರ ಬೆಚ್ಚಿದ. ಅವಳು ಬೆಚ್ಚಲಿಲ್ಲ.

"ನೀವು ಮಾತಾಡೂದು ಕಮ್ಮಿ ಅಂತ ನಿಮ್ಮಪ್ಪಾರು ಹೇಳಿದ್ರು," ಎಂದ.

"ಹೌದ್ರಿ."

"ಇಷ್ಟು ಕಮ್ಮಿ ಅಂತ ಹೇಳಿರ್ಲಿಲ್ಲ."

ಶಾಂಭವಿಗೆ ನಗು ಬಂತು. ಅವನು ತನ್ನ ಕೆಲಸದ ಬಗ್ಗೆ ಹೇಳತೊಡಗಿದ. ಈಗ ಮಷೀನುಗಳು ಬಂದಿವೆ, ಆದರೂ ಗಡಿಕಲ್ಲು ಹುಡುಕಲು ಕಾಲೇ ಬೇಕು. ಕಲ್ಲು ಸರಿಸಿದವನೇ ಮೊದಲು ಚಹ ತಂದುಕೊಡುತ್ತಾನೆ. ಅವಳು ಕೇಳುತ್ತ ನಡೆದಳು. ಅರಣ್ಯ ಇಲಾಖೆಯವರು ಹಚ್ಚಿದ ಹೊಂಗೆ, ಬೇವಿನ ತೋಪು ಬಂತು. ತರಗೆಲೆಗಳ ಮೇಲೆ ಇಬ್ಬರ ಹೆಜ್ಜೆಗಳೂ ಒಂದೇ ಸಮ ಸಪ್ಪಳ ಮಾಡುತ್ತಿದ್ದವು.

"ನೀವು ಭಾಳ ಚಂದ ನಡೀತೀರಿ," ಎಂದ ಅವನು. "ನಮ್ಮಕ್ಕ ಅಂದಿದ್ಲು, ಓದಿದ ಹುಡುಗೇರು ಹತ್ತು ಹೆಜ್ಜಿಗೇ ಕುಂದರ್ತಾರ ಅಂತ. ನೀವು ನನ್ನೇ ಹಿಂದ ಹಾಕ್ತೀರಿ."

ಅವಳಿಗೆ ಯಾರೂ ಈ ಮಾತು ಹೇಳಿರಲಿಲ್ಲ. ಕಿವಿ ಬಿಸಿಯಾಯಿತು. ಪೂಲ್ ಬರುವವರೆಗೂ ಆ ಮಾತನ್ನು ಒಳಗೇ ಹಿಡಿದುಕೊಂಡು ನಡೆದಳು. ಬೇಕೆಂದರೆ ಹಿಡಿದುಕೊಂಡೇ ಮನೆ ಸೇರಬಹುದಿತ್ತು. ಆದರೆ ಜೇವರ್ಗಿಯ ಮನೆಯಲ್ಲಿ ನೆಲ ಸಪಾಟಾಗಿರುತ್ತದೆ. ಅಲ್ಲಿ ಮೊದಲ ದಿನವೇ, ಹೊಸ್ತಿಲು ದಾಟಿ ಆರು ಹೆಜ್ಜೆ ಇಡುವಷ್ಟರಲ್ಲಿ, ಇವನು ಈ ಮಾತನ್ನು ನೆನೆಸಿಕೊಳ್ಳುತ್ತಾನೆ. ಈ ದಂಡೆಯನ್ನೂ ನೆನೆಸಿಕೊಳ್ಳುತ್ತಾನೆ.

ಪೂಲಿನ ಮೇಲೆ ನಿಂತರೆ ದೂರದಲ್ಲಿ ಭೀಮಾ ಹೊಳೆ ತೆಳುವಾಗಿ ಹೊಳೆಯುತ್ತಿತ್ತು. ಅನೀಲಕುಮಾರ ಅದನ್ನು ನೋಡಿ, ಆಚೆಗೆ ದಾಟಲು ಹೊರಟ.

"ಆ ಕಡಿ ಬ್ಯಾಡ್ರಿ," ಎಂದಳು ಶಾಂಭವಿ. "ಬಂದ ದಂಡಿಗೇ ಹೋಗೂಣು."

"ನಿಮ್ಮತ್ತಿಯಾರು ನೆಳ್ಳದ ಅಂದ್ರಲ್ಲ?"

"ನೆಳ್ಳ ಈ ಕಡೀನೂ ಅದ."

ಅವನು ಹೆಗಲು ಕುಣಿಸಿ ಹಿಂದೆ ಬಂದ. ಅವಳು ಮುಂದೆ ನಡೆದಳು. ಈಗ ನೀರು ಎಡಕ್ಕಿತ್ತು. ಗಿಡ್ಡಗಾಲು ತಗ್ಗಿಗೆ ಬಿತ್ತು. ಪಡಸಾಲೆಯಲ್ಲಿ ವಾಲುವುದಕ್ಕಿಂತ ಎರಡು ಪಟ್ಟು ವಾಲಿತು. ಈ ದಂಡೆಯ ಮೇಲೆ ಹೀಗೆ ಅವಳು ಎಂದೂ ನಡೆದಿರಲಿಲ್ಲ. ಇಪ್ಪತ್ತು ಹೆಜ್ಜೆಯಾದ ಮೇಲೆ ಹಿಂದಿನ ತರಗೆಲೆ ಸಪ್ಪಳ ನಿಂತಿತು.

"ಮುಳ್ಳು ಚುಚ್ತೇನ್ರಿ?"

"ಇಲ್ರಿ." ಅವಳು ತಿರುಗಿದಳು. "ಸಣ್ಣಾಕಿ ಇದ್ದಾಗ ಚಕ್ಕಡಿಂದ ಬಿದ್ದಿದ್ದೆ. ಬಲಗಾಲು ಒಂದು ಇಂಚು ಕಮ್ಮಿ ಅದ."

"ಬರಾಗ ಕಾಣಿಸಲಿಲ್ಲಲ್ಲ."

"ದಂಡಿ ವಾಲೇದ್ರಿ."

ಅವನು ಕುಕ್ಕರಗಾಲಲ್ಲಿ ಕುಳಿತು ಒಂದು ಕಣ್ಣು ಮುಚ್ಚಿ ದಂಡೆಯ ಉದ್ದಕ್ಕೂ ನೋಡಿದ. ಅಂಗೈಯಿಂದ ನೆಲವನ್ನು ಮುಟ್ಟಿದ. ಆಮೇಲೆ ಆಚೆ ದಂಡೆಯನ್ನೂ ನೋಡಿದ. ಅವನಿಗೆ ಲೆಕ್ಕ ಹತ್ತಲು ಹೊತ್ತು ಹಿಡಿಯಲಿಲ್ಲ.

"ಅದಕ್ಕ ಆ ಕಡಿಂದ ಬರ್ರಿ ಅಂದ್ರು."

"ಹೌದ್ರಿ."

"ನಿಮ್ಮತ್ತಿಯಾರು ನಮ್ಮ ಇಲಾಖೆದಾಗ ಇರಬೇಕಿತ್ತು," ಎಂದು ಅನ್ನುವಾಗ ಅವನ ತುಟಿ ನಕ್ಕಿತು, ಮುಖ ನಗಲಿಲ್ಲ. ಎದ್ದು ಕೈ ಝಾಡಿಸಿಕೊಂಡ. "ಮತ್ತ ನೀವ್ಯಾಕ ಹೇಳಿದ್ರಿ? ಸುಮ್ಮನಿದ್ದಿದ್ರ ನನಗ ಗೊತ್ತಾಗ್ತಿದ್ದಿಲ್ಲ."

ಶಾಂಭವಿ ಬೆರಳಿಗೆ ಸೆರಗು ಸುತ್ತಿದಳು, ಬಿಚ್ಚಿದಳು. "ಇಲ್ಲಿ ನಾ ದಿನಾ ನಡೀತೇನ್ರಿ. ಇಲ್ಲೊಂದೇ ಕಡಿ ನನಗ ನನ್ನ ಕಾಲು ನೆನಪಾಗಂಗಿಲ್ಲ. ಇಲ್ಲೇ ನಿಮಗ ಸುಳ್ಳು ತೋರಿಸಿದ್ರ, ನಾಳಿಂದ ಇಲ್ಲೂ ನಡಿಯಾಕ ಆಗ್ತಿದ್ದಿಲ್ಲ."

ಅಷ್ಟು ಉದ್ದದ ಮಾತನ್ನು ಹೊಸಬರ ಮುಂದೆ ಆಡಿದ್ದು ಅವಳಿಗೇ ಹೊಸದು.

ಅವನು ಹೊಲವಿದ್ದ ದಿಕ್ಕಿಗೆ ನೋಡಿದ. "ನಮ್ಮಕ್ಕ ಒಪ್ಪಂಗಿಲ್ರಿ," ಎಂದ. "ನಾ ಏನಂತೇನಿ ಅನ್ನೂದು ನನಗೂ ಈಗ ತಿಳಿಯವಲ್ದು. ಸುಳ್ಳ ಹೇಳಂಗಿಲ್ಲ."

"ತಿಳಿದ ಮ್ಯಾಲ ಹೇಳ್ರಿ."

ತೋಪು ಮುಗಿದು ಬಯಲು ತೆರೆಯಿತು. ಇಲ್ಲಿಂದ ಹೊಲದವರೆಗೆ ಮರೆಯೆಂಬುದು ಇರಲಿಲ್ಲ. ಬೇವಿನ ಮರದ ಬುಡದಲ್ಲಿ ಕೆಂಡದ ಹೊಗೆ ನೆಟ್ಟಗೆ ಏಳುತ್ತಿತ್ತು. ಆಚೆ ದಂಡೆಯ ಕಡೆಗೇ ಮುಖ ಮಾಡಿ ಕುಳಿತಿದ್ದ ಮೂವರಲ್ಲಿ ಒಬ್ಬರು ಈ ಕಡೆ ತಿರುಗಿದರು. ಹಣೆಗೆ ಕೈ ಹಿಡಿದು ಎದ್ದು ನಿಂತದ್ದು ಅತ್ತೆ. ಅವಳ ಹಿಂದೆ ಬಸವೇಶ್ವರಿಯೂ ಎದ್ದಳು. ಕಡೆಗೆ, ಮೊಣಕಾಲಿಗೆ ಕೈಯೂರಿ, ದೌಲತರಾಯರು.

ಶಾಂಭವಿ ಹೆಜ್ಜೆಯನ್ನು ಬಿರುಸು ಮಾಡಲಿಲ್ಲ, ಸಾವಕಾಶವೂ ಮಾಡಲಿಲ್ಲ. ಅನೀಲಕುಮಾರ ಅವಳ ಬಲಕ್ಕೆ, ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದ. ಇಬ್ಬರ ನೆರಳುಗಳೂ ಕಾಲುವೆಯ ನೀರಿನ ಮೇಲೆ ಬಿದ್ದಿದ್ದವು. ಒಂದು ನೆಟ್ಟಗೆ ಸಾಗುತ್ತಿತ್ತು. ಅದರ ಮುಂದಿನದು ಏಳುತ್ತ, ಬೀಳುತ್ತ, ಎದುರು ಹರಿದು ಬರುವ ನೀರನ್ನು ದಾಟುತ್ತಿತ್ತು.