ಏಳು ಪಟ್ಟಿಯ ಗಿಟಾರ್

ಪ್ರತಿ ಶನಿವಾರ ಬಸ್ಸಿನಲ್ಲಿ ನನ್ನ ಜೊತೆ ಒಂದು ಮರದ ಪೆಟ್ಟಿಗೆ ಬರುತ್ತಿತ್ತು. ಹನ್ನೊಂದು ಕಿಲೋ ತೂಕ. ಅದರೊಳಗೆ ಗಿಟಾರ್. ಗಿಟಾರ್ ಮಾಡಿದ್ದು ಅಪ್ಪ, ಪೆಟ್ಟಿಗೆ ಮಾಡಿದ್ದೂ ಅಪ್ಪ. ಪೆಟ್ಟಿಗೆಗೆ ಹಿತ್ತಾಳೆಯ ಚಿಲಕ, ನಾಲ್ಕು ಮೂಲೆಗೂ ತಗಡು. ಬಾಗಿಲು ಮಾಡುವ ಕೈಗೆ ಗಿಟಾರಿನ ಪೆಟ್ಟಿಗೆ ಮಾಡಲು ಕೊಟ್ಟರೆ ಇನ್ನೇನಾಗುತ್ತದೆ!

ಆ ಶನಿವಾರವೂ ಜಗಳೂರು ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಅದನ್ನು ನೋಡಿ, "ಏನ್ರಿ ಮೇಡಂ, ತಿಜೋರಿ ತಗಂಡು ಎಲ್ಲಿಗೆ ಹೊಂಟ್ರಿ?" ಎಂದ. ಬೇರೆ ದಿನವಾಗಿದ್ದರೆ ಒಂದು ಮಾತಿಗೆ ಎರಡು ಕೊಡುತ್ತಿದ್ದೆ. ಆ ದಿನ ಫೋನ್ ನೋಡುವುದರಲ್ಲೇ ಮುಳುಗಿದ್ದೆ. ಪಾರ್ಸೆಲ್ ಎಲ್ಲಿದೆ ಎಂದು ಐದೈದು ನಿಮಿಷಕ್ಕೊಮ್ಮೆ ನೋಡುವುದು, ಫೋನ್ ಬ್ಯಾಗಿಗೆ ಹಾಕುವುದು, ಮತ್ತೆ ತೆಗೆಯುವುದು. ಮೊದಲೇ ನನಗೆ ಒಂದು ಕಡೆ ಕೂತು ಗೊತ್ತಿಲ್ಲ.

ಆ ಪಾರ್ಸೆಲ್‌ನಲ್ಲಿ ಇನ್ನೊಂದು ಗಿಟಾರ್ ಇತ್ತು. ಕಾರ್ಬನ್ ಫೈಬರ್‌ನದು. ಅದರಲ್ಲಿ ಹುಡುಕಿದರೂ ಒಂದು ಚೂರು ಮರ ಸಿಗುವುದಿಲ್ಲ. ನಾನು ಅದನ್ನು ತರಿಸಿರುವುದು ಅಪ್ಪನಿಗೆ ಗೊತ್ತಿರಲಿಲ್ಲ, ಗೊತ್ತಾಗಲೂ ಬಾರದಿತ್ತು. ಅದಕ್ಕೇ ವಿಳಾಸ ಬರೆಯುವಾಗ ಬುದ್ಧಿ ಉಪಯೋಗಿಸಿ, ನ್ಯಾಮತಿಯಲ್ಲಿರುವ ಗೆಳತಿ ಹೇಮಾವತಿಯ ಮನೆ ಬರೆದಿದ್ದೆ. ಭಾನುವಾರ ಅವಳನ್ನು ನೋಡಿ ಬರುತ್ತೇನೆ ಎಂದು ಹೋಗಿ, ಅಲ್ಲಿಂದ ಹಾಗೇ ಜಗಳೂರಿಗೆ ಸಾಗಿಸುವುದು. ಜಗಳೂರಿನಲ್ಲಿ ನುಡಿಸಲು ಹೊಸದು, ಹೊನ್ನಾಳಿಯಲ್ಲಿ ಅಪ್ಪನಿಗೆ ತೋರಿಸಲು ಹಳೆಯದು.

ನಾನು ಜಗಳೂರಿನ ಹೊರಗಿರುವ ಒಂದು ವಸತಿ ಶಾಲೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವ ಮೇಷ್ಟ್ರಮ್ಮ, ಹೆಸರು ಸಂಧ್ಯಾರಾಣಿ. ಅಪ್ಪ ಬೆನಕಪ್ಪ ಹೊನ್ನಾಳಿಯಲ್ಲಿ ಬಡಗಿ. ನಲವತ್ತು ವರ್ಷದಲ್ಲಿ ಅವನು ಮಾಡಿದ ಬಾಗಿಲು, ಕಿಟಕಿ, ಮಂಚಗಳಿಗೆ ಲೆಕ್ಕವಿಲ್ಲ. ಅವಲ್ಲದೆ ಬೇರೆ ಏನಾದರೂ ಮಾಡಿದ್ದಾನೆ ಎಂದರೆ ಈ ಗಿಟಾರ್ ಒಂದೇ. ನನಗೆ ಕೆಲಸ ಸಿಕ್ಕಿದಾಗ, ಯಾರದೋ ಹಳೆಯ ಗಿಟಾರ್ ಒಂದನ್ನು ತಂದಿಟ್ಟುಕೊಂಡು, ಅಳತೆ ತೆಗೆದು, ಹಲಸಿನ ಮರದಲ್ಲಿ ಮಾಡಿದ. ಅಂಗಡಿಗೆ ಬಂದವರಿಗೆಲ್ಲ ಅದರ ಫೋಟೋ ತೋರಿಸುತ್ತಾನೆ. ಬಾಗಿಲಿನ ಅಳತೆ ಕೊಡಲು ಬಂದವರು ಗಿಟಾರಿನ ಕಥೆ ಕೇಳದೆ ಹೋಗುವ ಹಾಗಿಲ್ಲ.

ಮೊದಲ ತಿಂಗಳು ಅದರ ನಾದ ಎಂಥದ್ದಿತ್ತು ಎಂದರೆ, ನಾನು ಸುಳ್ಳು ಹೇಳುವುದಿಲ್ಲ, ನುಡಿಸುತ್ತಾ ನನಗೇ ಕಣ್ಣು ತುಂಬುತ್ತಿತ್ತು. ಆಮೇಲೆ ಶುರುವಾಯಿತು. ಹೊನ್ನಾಳಿ ಎಂದರೆ ಹೊಳೆ, ಸುತ್ತ ಗದ್ದೆ, ವರ್ಷವಿಡೀ ತೇವದ ಗಾಳಿ. ಜಗಳೂರಿನಲ್ಲಿ ಒಗೆದು ಹಾಕಿದ ಬಟ್ಟೆ ಅರ್ಧ ಗಂಟೆಯಲ್ಲಿ ಗರಿಗರಿ. ಸೋಮವಾರ ಅಲ್ಲಿಗೆ ಹೋದರೆ ಮರ ಕುಗ್ಗುತ್ತಿತ್ತು, ಶನಿವಾರ ಇಲ್ಲಿಗೆ ಬಂದರೆ ಹಿಗ್ಗುತ್ತಿತ್ತು. ಒಂದು ಪಾಠಕ್ಕೆ ಮೂರು ಸಲ ಶ್ರುತಿ ಮಾಡಬೇಕು. ಮೂರನೇ ತಿಂಗಳಿಗೆ ಮೇಲಿನ ಹಲಗೆ ಸೀಳಿತು.

ಆಗ ನಾನು ನಿಜ ಹೇಳಬೇಕಿತ್ತು. ಹೇಳಲಿಲ್ಲ. ಅಪ್ಪನ ಮುಖ ನೋಡಿ, "ಬಸ್ಸಲ್ಲಿ ಬಿತ್ತು ಅಪ್ಪಾ" ಎಂದುಬಿಟ್ಟೆ. ಅಪ್ಪ ಸೀಳು ಮುಚ್ಚಿ, ಒಳಗಡೆ ಅಡ್ಡಕ್ಕೆ ಒಂದು ಮರದ ಪಟ್ಟಿ ಅಂಟಿಸಿದ. ಗಟ್ಟಿಯಾಗಲಿ ಎಂದು. ಮುಂದಿನ ಸಲ ಯಾರೋ ಅಕ್ಕಿ ಮೂಟೆ ಇಟ್ಟರು ಎಂದೆ, ಇನ್ನೊಂದು ಪಟ್ಟಿ ಬಂತು. ಅದರ ಮುಂದಿನ ಸಲ ಮಕ್ಕಳು ಬೀಳಿಸಿದರು. ಹೀಗೇ ಏಳು ಸುಳ್ಳಿಗೆ ಏಳು ಪಟ್ಟಿ, ಜೊತೆಗೆ ಹನ್ನೊಂದು ಕಿಲೋದ ಈ ಪೆಟ್ಟಿಗೆ. ಅಷ್ಟು ಹೊತ್ತಿಗೆ ಆ ಗಿಟಾರ್ ಬಾಗಿಲಿನಷ್ಟೇ ಗಟ್ಟಿ, ನಾದವೂ ಬಾಗಿಲಿನದೇ. ನುಡಿಸಿದರೆ ಯಾರೋ ಮನೆಗೆ ಬಂದು ಕದ ತಟ್ಟಿದ ಹಾಗೆ ಕೇಳುತ್ತಿತ್ತು.

ಶಾಲೆಯ ವಾರ್ಷಿಕೋತ್ಸವದ ದಿನ ನನ್ನ ಮರ್ಯಾದೆ ಹೋಯಿತು. ನಲವತ್ತು ಮಕ್ಕಳು ಹಾಡುತ್ತಿದ್ದಾರೆ, ಎದುರಿಗೆ ತಂದೆ ತಾಯಿಗಳೆಲ್ಲ ಕೂತಿದ್ದಾರೆ, ತಂತಿಗಳನ್ನು ಹಿಡಿದಿಡುವ ಕುದುರೆ 'ಠಪ್' ಎಂದು ಕಿತ್ತು ಬಂತು. ಮಕ್ಕಳು ಬಿದ್ದು ಬಿದ್ದು ನಕ್ಕವು. ಆ ದಿನ ಆರ್ಕೆಸ್ಟ್ರಾದ ಜೊತೆ ಬಂದಿದ್ದ ವಿನಯ್ ಕುಮಾರ್ ಎಂಬವರು ತಮ್ಮ ಗಿಟಾರ್ ತಂದು ನನ್ನ ಕೈಗೆ ಕೊಟ್ಟರು. ಕಪ್ಪಗೆ, ಹಗುರವಾಗಿ, ಹೊಳಪಾಗಿತ್ತು. ಬೆಳಗ್ಗೆಯಿಂದ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿದ್ದಿತ್ತಂತೆ. ನಾನು ಶ್ರುತಿ ಮಾಡಲು ಹೋದರೆ, ಮಾಡುವುದಕ್ಕೆ ಏನೂ ಇರಲಿಲ್ಲ. ಆರು ತಂತಿಯೂ ಇದ್ದಲ್ಲೇ ಇದ್ದವು. ನನಗೆ ಎಷ್ಟು ಹೊಟ್ಟೆ ಉರಿಯಿತೆಂದರೆ, ಆ ರಾತ್ರಿಯೇ ಅಂಥದ್ದೇ ಒಂದು ಬೇಕೆಂದು ನಿರ್ಧಾರ ಮಾಡಿದೆ. ಅದರ ನಾದ ಅಪ್ಪನ ಗಿಟಾರಿನ ಮೊದಲ ತಿಂಗಳ ನಾದಕ್ಕೆ ಸಮ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಆ ಮೊದಲ ತಿಂಗಳು ಮತ್ತೆ ಬರುವುದಿಲ್ಲವಲ್ಲ.

ದಾವಣಗೆರೆಯಲ್ಲಿ ಬಸ್ ಬದಲಾಯಿಸಿ ಕೂತಿದ್ದೆನಷ್ಟೇ, ಫೋನ್ ಬಂತು. ಕೊರಿಯರ್ ಶರಣು. ಹೊನ್ನಾಳಿ, ನ್ಯಾಮತಿ ಎರಡೂ ಕಡೆ ಪಾರ್ಸೆಲ್ ಹಂಚುವವನು ಅವನೇ.

"ಸಂಧ್ಯಕ್ಕಾ, ಅಡ್ರೆಸ್ ತಪ್ಪು ಬರ್ದೀರಲ್ರಿ! ನ್ಯಾಮತಿ ಅಂತ ಐತೆ. ಹೆಸ್ರು ನೋಡಿದೆ, ಇದು ನಮ್ಮ ಬೆನಕಪ್ಪಣ್ಣನ ಮಗಳ್ದಲ್ವಾ ಅನ್ಕಂಡೆ. ನೀವೇನು ಯೋಚ್ನೆ ಮಾಡಬ್ಯಾಡ್ರಿ, ನಾನೇ ಸರಿ ಮಾಡೀನಿ. ಸೀದಾ ಅಂಗಡಿಗೇ ಕೊಡ್ತೀನಿ."

"ಬ್ಯಾಡ ಶರಣು! ಬ್ಯಾಡ, ಅದು ನ್ಯಾಮತಿಗೇ..."

"ಅಯ್ಯೋ, ನಂಗೇನು ತೊಂದ್ರೆ ಇಲ್ಲ ಬಿಡ್ರಿ. ಸವಳಂಗದಾಗೆ ಇದೀನಿ, ಹೊನ್ನಾಳಿಗೆ ಬಂದ ಕೂಡ್ಲೇ ಮೊದ್ಲು ನಿಮ್ದೇ" ಎಂದು ಫೋನ್ ಇಟ್ಟ. ಮತ್ತೆ ಮಾಡಿದೆ, ಎತ್ತಲಿಲ್ಲ. ಗಾಡಿ ಓಡಿಸುತ್ತಿರುವಾಗ ಫೋನ್ ಎತ್ತುವುದಿಲ್ಲ ಅವನು, ಅಷ್ಟು ಒಳ್ಳೆಯವನು. ನಮ್ಮ ಕಡೆ ವಿಳಾಸ ಯಾರು ನೋಡುತ್ತಾರೆ? ಹೆಸರು ನೋಡುತ್ತಾರೆ, ಅಪ್ಪನ ಹೆಸರು ನೆನೆಯುತ್ತಾರೆ, ಉಪಕಾರ ಮಾಡಿಬಿಡುತ್ತಾರೆ. ಇಷ್ಟು ವರ್ಷ ಇಲ್ಲೇ ಬೆಳೆದು ನನಗೆ ಅಷ್ಟು ಹೊಳೆಯಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡೆ.

ಅಂಗಡಿಗೆ ಹೋಗಿ ಪಾರ್ಸೆಲ್ ಎತ್ತಿಡು ಎನ್ನಲು ಅಮ್ಮನಿಗೆ ಫೋನ್ ಮಾಡಿದೆ. ಅವಳು ನಾಮಕರಣಕ್ಕೆಂದು ತ್ಯಾವಣಿಗೆಯ ಚಿಕ್ಕಮ್ಮನ ಮನೆಗೆ ಹೋಗಿದ್ದಳು. "ಊಟಕ್ಕೆ ಕೂತೀನಿ, ಆಮೇಲೆ ಮಾಡು" ಎಂದಳು. ಇನ್ನು ಡ್ರೈವರ್ ಒಬ್ಬನೇ ಗತಿ. ಅವನೋ ಮಲೇಬೆನ್ನೂರಿನಲ್ಲಿ ಬಸ್ ನಿಲ್ಲಿಸಿ ಟೀ ಕುಡಿಯಲು ಇಳಿದ. ನಾನು ಎದ್ದೆ, ಕೂತೆ, ಬಾಗಿಲವರೆಗೆ ಹೋಗಿ ಬಂದೆ. ಪಕ್ಕದ ಅಜ್ಜಿ, "ಹೊಟ್ಟೆ ಸರಿ ಇಲ್ಲೇನವ್ವಾ?" ಎಂದು ಕೇಳಿತು. ಬಸ್ ಹೊರಟು ಗದ್ದೆಗಳ ನಡುವೆ ಬಂದಾಗ ಒದ್ದೆ ಗಾಳಿ ಮುಖಕ್ಕೆ ಬಡಿಯಿತು. ಕಾಲ ಹತ್ತಿರವಿದ್ದ ಪೆಟ್ಟಿಗೆಯೊಳಗೆ 'ಟಿಕ್' ಎಂದಿತು. ಮರ ಹಿಗ್ಗುತ್ತಿತ್ತು.

ಹೊನ್ನಾಳಿಯಲ್ಲಿ ಇಳಿದವಳು ಪೆಟ್ಟಿಗೆ ಹೊತ್ತು ಓಡಿದೆ. ಅಂಗಡಿಯ ಮುಂದೆ ಶರಣುವಿನ ಗಾಡಿ ನಿಂತಿತ್ತು. ಅವನು ಬಾಗಿಲಲ್ಲೇ ಕೂತು ಟೀ ಕುಡಿಯುತ್ತಾ, ಬಹುಮಾನ ಗೆದ್ದವನಂತೆ ನಗುತ್ತಿದ್ದ. ಒಳಗೆ ಕೆಲಸದ ಮೇಜಿನ ಮೇಲೆ, ಕೀಸುಳಿ ಮತ್ತು ಉಳಿಗಳ ನಡುವೆ, ಆ ಕಪ್ಪು ಗಿಟಾರ್ ಮಲಗಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಅದರ ಮೇಲೆ ಬಗ್ಗಿದ್ದ.

"ಬಂದ್ಯಾ? ಪಾರ್ಸೆಲ್ ಮೂಲೆ ಜಜ್ಜಿತ್ತು. ಒಳಗಿಂದು ಒಡೆದೈತೇನೋ ಅಂತ ಬಿಚ್ಚಿದೆ" ಎಂದ. ಬೆರಳ ಗೆಣ್ಣಿನಿಂದ ಗಿಟಾರಿನ ಬೆನ್ನು ತಟ್ಟಿ ಕಿವಿ ಕೊಟ್ಟ. "ಏನೂ ಆಗಿಲ್ಲ. ಇದಕ್ಕೆ ಜೋಡಣೆನೇ ಕಾಣಂಗಿಲ್ಲ ನೋಡು. ಎಲ್ಲಿ ಶುರು, ಎಲ್ಲಿ ಮುಗೀತು, ಒಂದೂ ಗೊತ್ತಾಗಲ್ಲ."

ಎಂಟನೇ ಸುಳ್ಳು ನನ್ನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಇದು ಶಾಲೆಯದು, ಸ್ವಲ್ಪ ದಿನಕ್ಕೆ ಕೊಟ್ಟಿದ್ದಾರೆ ಅಂತ. ಬಾಯಿ ತೆರೆದೆ. ಅಪ್ಪ ತಲೆ ಎತ್ತಿ ನೋಡಿದ, ಅಷ್ಟೇ. ನುಂಗಿಕೊಂಡೆ. ಶರಣುವಿಗೆ ಗಾಳಿ ಬದಲಾದದ್ದು ತಿಳಿಯಿತೇನೋ, "ಊರಾಗೆ ಇನ್ನೊಂದೆರಡು ಕೊಡೋದೈತೆ, ಬರ್ತೀನಿ ಬೆನಕಪ್ಪಣ್ಣ" ಎಂದು ಎದ್ದು ಹೋದ.

ಅಪ್ಪ ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡು, ಚಿಲಕ ಸರಿಸಿ, ತನ್ನ ಗಿಟಾರನ್ನು ಹೊರಗೆ ತೆಗೆದ. ಹಿಂದಿನ ಹಲಗೆಯಲ್ಲಿ ಆ ವಾರದ ಹೊಸ ಸೀಳು ಇತ್ತು.

"ಈ ಸಲ ಎಲ್ಲಿ ಬಿತ್ತು?"

"ಬೀಳಲಿಲ್ಲ ಅಪ್ಪಾ."

"ಹೋದ್ಸಲ?"

"ಬೀಳಲಿಲ್ಲ."

"ಅದ್ರ ಹಿಂದ್ಲ ಸಲ?"

ಅಪ್ಪ ಸೀಳಿನ ಮೇಲೆ ಹೆಬ್ಬೆರಳು ಎಳೆದ. "ಬಿದ್ದಿದ್ರೆ ಏಟಿನ ಗುರ್ತು ಇರ್ತೈತೆ. ಒಣಗಿ ಸೀಳಿದ್ದು ಮರದ ಗೆರೆ ಹಿಡ್ಕಂಡು ಹೋಗ್ತೈತೆ. ನಲವತ್ತು ವರ್ಷ ಮರ ಕೊಯ್ದೀನಿ, ಅಷ್ಟು ಗೊತ್ತಾಗಲ್ಲೇನು ನಂಗೆ? ಮೊದಲ್ನೇ ಸಲನೇ ಗೊತ್ತಾತು."

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. "ಗೊತ್ತಿದ್ದೂ ಯಾಕೆ ಪಟ್ಟಿ ಮೇಲೆ ಪಟ್ಟಿ ಹೊಡ್ದೆ? ಅದರ ಉಸಿರೇ ನಿಂತು ಹೋತಲ್ಲಪ್ಪ! ಒಂದು ಮಾತು ಹೇಳಾಕೆ ಆಗ್ಲಿಲ್ವಾ ನಿಂಗೆ?"

"ನಿಂಗೆ ಆತೇನು?"

ಹೊರಗೆ ಟ್ರ್ಯಾಕ್ಟರ್ ಒಂದು ಹೋಯಿತು. ಆಮೇಲೆ ಅಪ್ಪ ಗಿಟಾರನ್ನು ಮೇಜಿಗಿಟ್ಟು, ಅದಕ್ಕೇ ಹೇಳುವವನಂತೆ ಹೇಳಿದ.

"ಮರ ಕೊಯ್ದ ಮೇಲೆ ಒಣಗಾಕೆ ಎರಡು ಬೇಸಿಗೆ ಬಿಡಬೇಕು. ನಂದೇ ನೇಮ ಅದು. ಯಾರು ಎಷ್ಟು ಅವಸರ ಮಾಡಿದ್ರೂ ಬಾಗಿಲಿಗೆ ಹಸಿ ಮರ ಹಾಕಿದೋನಲ್ಲ. ಬಾಗಿಲು ಹಾಕ್ವಾಗ್ಲೂ ಮಳೆಗಾಲಕ್ಕೆ ಹಿಗ್ತೈತೆ ಅಂತ ಸಂದು ಬಿಡ್ತೀನಿ. ನಿಂದಕ್ಕೆ ಒಂದೇ ಬೇಸಿಗೆ ಬಿಟ್ಟೆ. ನೀನು ಕೆಲಸಕ್ಕೆ ಹೊಂಟಿದ್ದಿ, ದಿನಾ ಕೇಳ್ತಿದ್ದಿ, ಕೈ ತಡೀಲಿಲ್ಲ ನಂಗೆ. ನೀನು ಬಸ್ಸು ಅಂದಾಗ ಬಸ್ಸೇ ಇರ್ಲಿ ಅನ್ಕಂಡೆ. ಮರ ಅಂದಿದ್ರೆ ತಪ್ಪು ನಂದಾಗ್ತಿತ್ತು."

ದಿನಾ ಕೇಳುತ್ತಿದ್ದದ್ದು ನಿಜ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಆಯ್ತಾ ಅಪ್ಪಾ, ಆಯ್ತಾ ಅಪ್ಪಾ ಎಂದು. ನನ್ನ ಕೂರದ ಬುದ್ಧಿ ಮರವನ್ನೂ ಕೂರಲು ಬಿಡಲಿಲ್ಲ. ಇಷ್ಟು ದಿನ ಮರವನ್ನೂ ಅಪ್ಪನನ್ನೂ ಮನಸ್ಸಿನಲ್ಲೇ ಬೈದುಕೊಂಡಿದ್ದವಳು ನಾನು.

"ಎಲ್ಲಿ, ಇದನ್ನ ನುಡ್ಸು ನೋಡಾನ" ಎಂದ ಅಪ್ಪ.

ಕಪ್ಪು ಗಿಟಾರ್ ಎತ್ತಿಕೊಂಡು, ಮಕ್ಕಳಿಗೆ ಕಲಿಸುವ ಒಂದು ಸಣ್ಣ ಮಟ್ಟು ನುಡಿಸಿದೆ. ಅಪ್ಪ ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಹಾಳಾದ್ದು, ಚೆನ್ನಾಗಿ ಕೇಳಿಸುತ್ತಿತ್ತು. ಎಲ್ಲಾದರೂ ತಪ್ಪಲಿ, ಒಂದು ತಂತಿಯಾದರೂ ಸಡಿಲವಾಗಲಿ ಎಂದು ಬೇಡಿಕೊಳ್ಳುತ್ತಾ ನುಡಿಸಿದ್ದು ಜೀವಮಾನದಲ್ಲಿ ಅದೇ ಮೊದಲು.

"ಚೆನ್ನಾಗೈತೆ. ಸೋಮವಾರ ಇದನ್ನೇ ತಗಂಡು ಹೋಗು. ಜಗಳೂರಿನ ಬಿಸಿಲಿಗೆ ಇದೇ ಸರಿ." ಕೀಸುಳಿ ಕೈಗೆತ್ತಿಕೊಂಡು, ಅರ್ಧಕ್ಕೆ ಬಿಟ್ಟಿದ್ದ ಬಾಗಿಲಿನ ಹಲಗೆಯ ಕಡೆ ತಿರುಗಿದ. "ಇದು ಕೆಡಲ್ಲ ಅಂತಾರಲ್ಲ, ಹೌದಾ?"

"ಹೂಂ. ಕೆಡಲ್ಲ."

"ಹಂಗಾರೆ ನನ್ನ ಹತ್ರ ತರೋದು ಇರಲ್ಲ" ಎಂದ. ಸಿಟ್ಟಿನಿಂದಲ್ಲ, ದೂರಿನ ದನಿಯಲ್ಲೂ ಅಲ್ಲ. ಅಳತೆ ಹೇಳಿದ ಹಾಗೆ ಹೇಳಿ, ಹಲಗೆ ಕೀಸತೊಡಗಿದ. ನಾನು ಪ್ರತಿ ಶನಿವಾರ ಯಾಕೆ ಬರುತ್ತಿದ್ದೆ ಎಂದು ಆಗ ಯೋಚಿಸಿದೆ. ಬಟ್ಟೆ ಜಗಳೂರಿನಲ್ಲೇ ಒಗೆಯುತ್ತೇನೆ, ಊಟ ಹಾಸ್ಟೆಲ್‌ನಲ್ಲೇ. ಗಿಟಾರ್ ರಿಪೇರಿಗೆ ಬರುತ್ತಿದ್ದೆ. ಅದನ್ನು ಮೇಜಿಗಿಟ್ಟು, ಪಕ್ಕದಲ್ಲಿ ಕೂತು, ಅಂಟು ಆರುವವರೆಗೆ ಅಪ್ಪನ ಜೊತೆ ಹರಟುತ್ತಿದ್ದೆ. ಬೇರೆ ಎಲ್ಲೂ ಕೂರದವಳು ಅಲ್ಲಿ ಮಾತ್ರ ಕೂರುತ್ತಿದ್ದೆ.

ಸೋಮವಾರ ಬೆಳಗ್ಗೆ ಹೊಸ ಗಿಟಾರನ್ನು ಬಟ್ಟೆಯ ಚೀಲದಲ್ಲಿ ಹಾಕಿ ಬೆನ್ನಿಗೆ ಏರಿಸಿಕೊಂಡು ಹೊರಟೆ. ಅಪ್ಪನದು ಮೇಜಿನ ಮೇಲೇ ಉಳಿಯಿತು. ಬೆನ್ನಿಗೆ ಭಾರವೇ ಇರಲಿಲ್ಲ. ದಾರಿಯುದ್ದಕ್ಕೂ ಏನೋ ಮರೆತು ಬಂದಿದ್ದೇನೆ ಎಂದು, ಪೆಟ್ಟಿಗೆ ಇರುತ್ತಿದ್ದ ಕಾಲ ಬುಡಕ್ಕೆ ಕೈ ಹೋಗುತ್ತಿತ್ತು. ಎರಡು ದಿನ ತಂತಿ ಮುಟ್ಟಿ ಮುಟ್ಟಿ ನೋಡಿದೆ, ಶ್ರುತಿ ಕೂದಲಿನಷ್ಟೂ ಅಲುಗಿರಲಿಲ್ಲ. ಮಕ್ಕಳಿಗೆ ಬಲು ಖುಷಿ. ನನಗೆ ಮಾತ್ರ ಕೈಗೆ ಕೆಲಸವಿಲ್ಲದ ಹಾಗೆ ಚಡಪಡಿಕೆ.

ಬುಧವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಪ್ಪನ ಫೋನ್ ಬಂತು. ಹಲೋ ಎನ್ನಲೂ ಇಲ್ಲ. "ಕೇಳು" ಎಂದ. ಆ ಕಡೆ ಒಂದು ತಂತಿ ಮಿಡಿಯಿತು.

"ಹಿಂದ್ಲ ಹಲಗೆ ಬಿಚ್ಚಿ ಒಂದು ಪಟ್ಟಿ ತೆಗ್ದೆ. ಹೊನ್ನಾಳಿ ಮರ, ಹೊನ್ನಾಳ್ಯಾಗೇ ಇದ್ರೆ ಸೀಳಲ್ಲ ಅದು. ಹೆಂಗೈತೆ?"

ನಾದ ಬದಲಾಗಿತ್ತು. ತುಸುವೇ, ಆದರೆ ಬದಲಾಗಿತ್ತು. ಮೊದಲ ತಿಂಗಳ ಆ ಕಂಪನ ತಳದಲ್ಲಿ ಎಲ್ಲೋ ಅಲುಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಫೋನ್‌ನಾಗೆ ಗೊತ್ತಾಗ್ತಿಲ್ಲ ಅಪ್ಪಾ" ಎಂದೆ. ನನ್ನ ಎಂಟನೇ ಸುಳ್ಳು. "ಶನಿವಾರ ಬಂದು ಕೇಳ್ತೀನಿ."

ಆ ಕಡೆ ಉಳಿಯನ್ನು ಮೇಜಿಗಿಟ್ಟ ಸದ್ದಾಯಿತು. "ಹಂಗಾರೆ ಮಿಕ್ಕ ಆರು ಹಂಗೇ ಇರ್ಲಿ ಬಿಡು. ವಾರಕ್ಕೊಂದು ತೆಗೆಯಾನ. ನೀನು ಬಂದು ಕೇಳಿ ಹೇಳದೆ ನಂಗೆ ಹೆಂಗೆ ಗೊತ್ತಾಗಬೇಕು?"

ಆರು ಪಟ್ಟಿ ಬಿಚ್ಚಲು ಅಪ್ಪನ ಉಳಿಗೆ ಒಂದು ಮಧ್ಯಾಹ್ನ ಸಾಕು. ಅದು ಅವನಿಗೂ ಗೊತ್ತು, ನನಗೂ ಗೊತ್ತು. "ಹೂಂ ಅಪ್ಪಾ, ವಾರಕ್ಕೊಂದೇ ತೆಗಿ, ಅವಸರ ಮಾಡಬ್ಯಾಡ" ಎಂದೆ.