ಟಿಕೆಟ್ ಪಡೆದವಳ ಫೋಟೊ

ಮಂಗಳೂರಿನ ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷ ಸಮಾಜಕಾರ್ಯ ಕಲಿಸಿದ ನಸೀಬಾ, ಮೊದಲ ದಿನದ ತರಗತಿಯಲ್ಲಿ ಪಾಠ ಮಾಡುತ್ತಲೇ ಇರಲಿಲ್ಲ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದು, ಎಲ್ಲರೆದುರು ಪಕ್ಕದವರ ಹತ್ತಿರ ಒಂದು ಹೊತ್ತಿನ ಊಟ ಕೇಳಬೇಕು, ಅಷ್ಟೇ. ಕೆಲವರು ನಗುತ್ತಿದ್ದರು, ಹೆಚ್ಚಿನವರಿಗೆ ಬಾಯಿಯೇ ಬರುತ್ತಿರಲಿಲ್ಲ. "ಈ ಸಂಕಟ ಮರೆಯುವವರು ಯಾರ ಸಹಾಯಕ್ಕೂ ಹೋಗಬೇಡಿ" ಎನ್ನುತ್ತಿದ್ದಳು.

ಗಂಡ ಮೊಹಿದ್ದೀನನ ಕೆಲಸದ ಬೆನ್ನಿಗೆ ರಿಯಾದಿನ ಮಲಾಜ್ ಬಡಾವಣೆಗೆ ಬಂದ ಮೇಲೂ ಸುಮ್ಮನೆ ಕೂರಲಿಲ್ಲ. ಊರವರ ಸಹಾಯ ಸಂಘದ ಮಹಿಳಾ ವಿಭಾಗ ಅವಳ ಕೈಗೆ ಬಂತು. ಮೆಹಂದಿ ಸ್ಪರ್ಧೆ ನಡೆಸುತ್ತಿದ್ದ ಹೆಂಗಸರು ಎರಡೇ ವರ್ಷದಲ್ಲಿ ಇಕಾಮಾ ಎಂಬ ವಾಸದ ಪರವಾನಗಿ ಓದಲು, ರಾಯಭಾರ ಕಚೇರಿಗೆ ಅರ್ಜಿ ಬರೆಯಲು ಕಲಿತರು.

ಅದು 2013. ಕಾಗದಪತ್ರ ಸರಿಯಿಲ್ಲದವರು ದಂಡವಿಲ್ಲದೆ ಊರಿಗೆ ಮರಳಲು ಸೌದಿ ಸರ್ಕಾರದಿಂದ ಗಡುವು ಸಿಕ್ಕಿತ್ತು. ಸಂಘ ಹನ್ನೊಂದು ಮಂದಿಗೆ ವಿಮಾನದ ಟಿಕೆಟ್ ತೆಗೆಸಿತು. ಶುಕ್ರವಾರ ನಗರದಾಚೆ ಬಾಡಿಗೆಗೆ ಹಿಡಿದ ಇಸ್ತಿರಾಹ ಎಂಬ ವಿಶ್ರಾಂತಿಗೃಹದ ಅಂಗಳದಲ್ಲಿ ಬ್ಯಾನರ್, ಮೈಕು, ಬಿರಿಯಾನಿ. ಸಂಘದ ರಿವಾಜು ಏನೆಂದರೆ, ಟಿಕೆಟನ್ನು ವೇದಿಕೆಯ ಮೇಲೆಯೇ ಕೊಡಬೇಕು. ಕೊಡುವವರೂ ಪಡೆಯುವವರೂ ಕ್ಯಾಮೆರಾ ನೋಡಬೇಕು. ಮರುದಿನ ಆ ಫೋಟೊ ಹೆಸರು, ಊರು ಸಮೇತ ಊರಿನ ಪತ್ರಿಕೆಯಲ್ಲಿ. ದಾನಕ್ಕಿಂತ ಫೋಟೊಗೇ ಸಡಗರ ಹೆಚ್ಚು!

ಪರದೆಯಾಚೆ ಹೆಂಗಸರ ನಡುವೆ ಕೂತಿದ್ದ ಮೈಮೂನಮ್ಮ ನಸೀಬಾಳ ಕೈ ಹಿಡಿದುಕೊಂಡರು. ಆ ಹನ್ನೊಂದು ಮಂದಿಯಲ್ಲಿ ಒಬ್ಬರು, ಹೊಡೆಯುವ ಯಜಮಾನರ ಮನೆಯಿಂದ ಓಡಿಬಂದ ಮನೆಗೆಲಸದ ಹೆಂಗಸು.

"ಟೀಚರ್, ಫೋಟೊ ಬೇಡ. ಊರಲ್ಲಿ ಎಲ್ಲರ ಹತ್ರ, ಇಲ್ಲಿ ನಮ್ಮೂರಿನವರ ಮನೆಯಲ್ಲೇ ಇದ್ದೇನೆ ಅಂತ ಹೇಳಿದ್ದೇನೆ. ಓಡಿಬಂದವಳು ಅಂತ ಗೊತ್ತಾದ್ರೆ ಎಂತೆಂತ ಕಥೆ ಕಟ್ತಾರೋ. ಬರುವ ತಿಂಗಳು ಮಗಳ ನಿಕಾಹ್ ಉಂಟು."

ನಸೀಬಾ ನೆಟ್ಟಗೆ ಅಧ್ಯಕ್ಷ ಅಬ್ದುಲ್ ಹಕೀಮ್ ಹಾಜಿಯವರ ಬಳಿ ಹೋದಳು. "ಹಾಜಿಯವ್ರೇ, ಮೈಮೂನಮ್ಮನ ಟಿಕೆಟ್ ನನ್ನ ಕೈಗೆ ಕೊಡಿ. ಹೆಸರು ಕರೆಯುವುದು ಬೇಡ, ಫೋಟೊವೂ ಬೇಡ."

"ಎಂತ ಟೀಚರ್ ನೀವು? ಫೋಟೊ ಇಲ್ಲದಿದ್ರೆ ನಾಳೆ ಯಾರು ಕೊಡ್ತಾರೆ? ಬೇಕಾದ್ರೆ ಮುಖ ಮುಚ್ಚಿ ನಿಲ್ಲಲಿ."

"ಹೆಸರು, ಊರು?"

"ಅದು ಹಾಕದಿದ್ರೆ ಯಾರು ನಂಬ್ತಾರೆ?"

ನಸೀಬಾಳ ಮೈ ಉರಿಯಿತು. "ಹಾಗಾದ್ರೆ ನನ್ನ ಹೆಸರು ಹಾಕಿ. ಪಡೆಯುವವಳು ನಾನು."

"ಹಟ ಮಾಡಿದ್ರೆ ಮಹಿಳಾ ವಿಭಾಗಕ್ಕೆ ಬೇರೆಯವರನ್ನು ನೋಡಬೇಕಾಗ್ತದೆ."

"ನೋಡಿ" ಎಂದವಳೇ ವೇದಿಕೆ ಹತ್ತಿ ಕೈಚಾಚಿ ನಿಂತಳು. ಹಾಜಿಯವರು ಟಿಕೆಟಿನ ಲಕೋಟೆ ಹಿಡಿದು ಅತ್ತಿತ್ತ ನೋಡಿದರು. ಅಷ್ಟರಲ್ಲಿ ಪರದೆ ಸರಿಸಿ ಮಹಿಳಾ ವಿಭಾಗದ ಸಬೀನಾ ಬಂದು ನಸೀಬಾಳ ಹಿಂದೆ ನಿಂತಳು, ಅವಳ ಹಿಂದೆ ಇನ್ನಿಬ್ಬರು. ನಸೀಬಾಳಿಂದ ಅರ್ಜಿ ಬರೆಯಲು ಕಲಿತವರೇ ಎಲ್ಲ. ಹಾಜಿಯವರಿಗೆ ಬೇರೆ ದಾರಿ ಇರಲಿಲ್ಲ, ಲಕೋಟೆ ಕೊಟ್ಟರು.

ಕ್ಯಾಮೆರಾ ಹಿಡಿದ ಕಾರ್ಯದರ್ಶಿ ಆಶಿಕ್ ತಡವರಿಸಿದ. "ಕೆಳಗೆ ಎಂತ ಬರೆಯುವುದು ಟೀಚರ್?"

"ಸಂಕಷ್ಟದಲ್ಲಿದ್ದ ನಸೀಬಾ, ಮಂಗಳೂರು. ಹಾಗೇ ಬರೆ."

ಮೈಮೂನಮ್ಮ ಶನಿವಾರ ವಿಮಾನ ಹತ್ತಿದರು. ಅದೇ ಬೆಳಿಗ್ಗೆ ಪತ್ರಿಕೆಯಲ್ಲಿ ಫೋಟೊ ಬಂತು. ಮಧ್ಯಾಹ್ನ ಮಂಗಳೂರಿನಿಂದ ಹೆತ್ತ ಉಮ್ಮನ ಫೋನು, ಅಳು.

"ಎಂತ ಮೋಳೆ ಇದು? ನಿನಗೆ ಟಿಕೆಟಿಗೂ ಗತಿ ಇಲ್ವಾ? ನೆರೆಮನೆಯವರೆಲ್ಲ ಕೇಳ್ತಾ ಇದ್ದಾರೆ. ಬೇರೆ ಯಾರದ್ದೋ ಬದಲಿಗೆ ನಿಂತದ್ದು ಅಂತಾದ್ರೂ ಹೇಳು."

ನಸೀಬಾಳ ಮುಖ ಬಿಸಿಯಾಯಿತು. ತರಗತಿಯಲ್ಲಿ ಅಷ್ಟು ಸಲ ಮಾಡಿಸಿದ್ದರೂ ಅದು ಇಷ್ಟು ನೋಯುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಹೌದೆಂದರೆ ಸಾಕಿತ್ತು, ಉಮ್ಮನ ಅಳು ನಿಲ್ಲುತ್ತಿತ್ತು. ಆದರೆ ಮರುಗಳಿಗೆ ಉಮ್ಮ ಕೇಳುವುದು ಆ ಇನ್ನೊಬ್ಬಳು ಯಾರೆಂದು. ಮೈಮೂನಮ್ಮನ ಊರು ಉಮ್ಮನ ಮನೆಯಿಂದ ಬಸ್ಸಿಗೆ ಅರ್ಧ ಗಂಟೆ.

"ನಾನೇ ಉಮ್ಮಾ" ಎಂದಳು. "ಬೇಕಿತ್ತು, ಕೇಳಿದೆ. ಕೇಳಿದವಳಿಗೆ ಎಂತಕ್ಕೆ ನಾಚಿಕೆ?"